ಎಡಗೈಯ ಬ್ಯಾಂಡೇಜು

ಹುಮನಾಬಾದಿನ ಕುಟುಂಬ ಯೋಜನೆಯ ಆಪರೇಶನ್ ಕ್ಯಾಂಪಿನಲ್ಲಿ ನನಗಿದ್ದದ್ದು ಒಂದೇ ಕೆಲಸ. ಬೇಡವೆಂದು ಹೊರಟವರ ಕಾರಣವನ್ನು ದಿಲ್ಲಿಯಿಂದ ಬಂದ ಫಾರ್ಮಿನಲ್ಲಿ ಇಂಗ್ಲಿಷಿನಲ್ಲಿ ತುಂಬುವುದು.

ಹಳ್ಳಿಖೇಡದ ನೀಲಮ್ಮನಿಗೆ ಮೂರು ಮಕ್ಕಳು. ಇನ್ನೊಂದು ಹೆರಿಗೆಗೆ ಮೈಯಲ್ಲಿ ಶಕ್ತಿಯಿರಲಿಲ್ಲ. ಆದರೆ ಮೈಮೇಲಿನದೆಲ್ಲ ತೆಗೆದಿಡಬೇಕೆಂದು ಸಿಸ್ಟರ್ ಹೇಳಿದ ಕೂಡಲೇ ಕೊರಳಿನ ಇಷ್ಟಲಿಂಗವನ್ನು ಹಿಡಿದುಕೊಂಡು ಹೊರಗೆ ಬಂದುಬಿಟ್ಟಳು. ನಾನು ‘ಧರ್ಮ’ ಎಂಬ ಕಾಲಮ್ಮಿಗೆ ಟಿಕ್ ಹಾಕಿದೆ.

“ಏನ್ ಬರಿಯಾಕತ್ತೀರಿ ಮೇಡಮ್ಮಾ?” ಎಂದಳು ನೀಲಮ್ಮ.

“ನಿಮ್ಮ ಧರ್ಮ ಒಪ್ಪಲ್ಲ ಅಂತ...” ಎಂದು ತಡವರಿಸಿದೆ.

“ಧರ್ಮ ಯಾವಾಗ ಬ್ಯಾಡ ಅಂತ್ರಿ? ಲಿಂಗ ಬಿಚ್ಚಂಗಿಲ್ಲ ಅಂದೀನಿ, ಅಷ್ಟ. ಆಪರೇಶನ್ ಹೊಟ್ಟಿಗಿ ಅದನೋ, ಕೊರಳಿಗಿ ಅದನೋ?”

ಅವಳ ಹಿಂದೆಯೇ ಸಿಸ್ಟರೂ ಹೊರಗೆ ಬಂದಿದ್ದರು. ಸಿಸ್ಟರ್ ನಕ್ಕರು. “ಬಾ ಅವ್ವಾ, ಪೂಜಿಗಿ ಹಿಡದಂಗ ಎಡಗೈಯಾಗ ಹಿಡ್ಕೊ,” ಎಂದು ಲಿಂಗದ ಸಮೇತ ಅಂಗೈಗೆ ಬ್ಯಾಂಡೇಜು ಸುತ್ತಿ ಒಳಗೆ ಕರೆದೊಯ್ದರು. ಸರದಿಯಲ್ಲಿದ್ದ, ಲಿಂಗ ಕಟ್ಟಿಕೊಂಡಿದ್ದ ಇನ್ನಿಬ್ಬರು ಹೆಂಗಸರು ಹೇಳುವ ಮೊದಲೇ ಎಡಗೈ ಚಾಚಿದರು.

ಇದನ್ನೆಲ್ಲ ಯಾವ ಕಾಲಮ್ಮಿನಲ್ಲಿ ಬರೆಯಲಿ ಎಂದು ಸೂಪರ್‌ವೈಸರನ್ನು ಕೇಳಿದೆ.

“ಆ ಟಿಕ್ ಅಳಸಿ ಹಾಕ್ರಿ ಮೇಡಂ,” ಎಂದರು ಅವರು. “ಹೂಂ ಅಂದೋರ ಧರ್ಮ ದಿಲ್ಲಿಯವರು ಕೇಳಂಗಿಲ್ಲ.”