ಅನಾಯ್ ಅಜ್ಜಿಯ ಕಣ್ಣಿಗೆ ಹಾಕಿದ ಹನಿ

ನಮ್ಮ ಹಿತಾ ಊರಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಯಾರ ಕಣ್ಣಲ್ಲಿ ನೀರು ಕಂಡರೂ ಏನಾಯಿತು ಎಂದು ಕೇಳುವವರಿಲ್ಲ. ಸುತ್ತ ಬೆಟ್ಟದ ತುಂಬ ಸುಗಿ ಎಂಬ ದೇವದಾರು ಜಾತಿಯ ಮರಗಳು. ಗಾಳಿ ಬೀಸಿದರೆ ಸಾಕು, ಹಳದಿ ಪರಾಗ ಹೊಗೆಯ ಹಾಗೆ ಎದ್ದು ಒಣಹಾಕಿದ ಬಟ್ಟೆ, ಕಾರು, ಜನರ ಕಣ್ಣು ಎಲ್ಲದರ ಮೇಲೂ ಕೂರುತ್ತದೆ. ಆ ಮರ ಕೊಯ್ದೇ ಊರು ಅನ್ನ ತಿಂದಿದೆ, ಹಾಗಾಗಿ ಬೈಯಲು ಬಾಯಿ ಬರುವುದಿಲ್ಲ. ಕಣ್ಣು ಉಜ್ಜಿಕೊಂಡು ಸುಮ್ಮನಿರುತ್ತೇವೆ.

ಜೈತ್ಸು ಮಿಸಾಯೊಗೆ ಹೆಸರು ಬಂದದ್ದು ಈ ಪರಾಗದಿಂದಲೇ. ಅವಳು ಮೊದಲು ಪ್ರವಾಸಿ ಬಸ್ಸಿನಲ್ಲಿ ಮೈಕ್ ಹಿಡಿದು ಊರು ತೋರಿಸುತ್ತಿದ್ದವಳು. ಬಸ್ಸಿನವರು ರೆಕಾರ್ಡ್ ಮಾಡಿದ ದನಿ ಹಾಕಿಕೊಂಡು ಅವಳನ್ನು ಮನೆಗೆ ಕಳಿಸಿದ ಮೇಲೆ, ಶವಸಂಸ್ಕಾರದ ಹಾಲ್‌ನವರು ಆ ಒಳ್ಳೆಯ ದನಿಗಾಗಿಯೇ ಕೆಲಸಕ್ಕೆ ಕರೆದರು. ನನ್ನ ಹೂವಿನಂಗಡಿ ಆ ಹಾಲ್‌ನ ಎದುರಿಗೇ ಇದೆ. ಬಿಳಿ ಸೇವಂತಿಗೆ ನನ್ನದು, ಮಾತು ಅವಳದು. ಸತ್ತವರ ಬದುಕನ್ನು ನಾಲ್ಕು ಮಾತಿನಲ್ಲಿ ಓದುವುದು, ಮನೆಯವರನ್ನು ಒಬ್ಬೊಬ್ಬರಾಗಿ ಮುಂದೆ ಕರೆಯುವುದು, ಇಂಥ ಕೆಲಸ.

ಸೇರಿದ ಮೊದಲ ಫೆಬ್ರವರಿಯಲ್ಲೇ ಅವಳು ಓದುತ್ತಿದ್ದಂತೆ ಕಣ್ಣಿಂದ ನೀರು ದಳದಳ ಇಳಿಯಿತು. ಮನೆಯವರು ಕರಗಿಹೋದರು. "ನಮ್ಮಪ್ಪನಿಗೆ ಗುರುತಿಲ್ಲದವರೂ ಅತ್ತರಲ್ಲ!" ಎಂದು ಕೈಮುಗಿದರು. ಆಮೇಲೆ ಯಾರ ಮನೆಯಲ್ಲಿ ಸಾವಾದರೂ "ಆ ಅಳೋ ಹೆಂಗಸನ್ನೇ ಕಳಿಸಿ" ಎಂದು ಫೋನ್ ಬರತೊಡಗಿತು. ಮಿಸಾಯೊ ಹಾಲ್‌ನ ಯಜಮಾನರ ಹತ್ತಿರ ಹೋಗಿ ಇದು ಪರಾಗ, ದುಃಖವಲ್ಲ ಎಂದಳಂತೆ. ಅವರು, "ಕೇಳಿದೋರಿಗೆ ಹೇಳಮ್ಮ. ಯಾರೂ ಕೇಳಲ್ಲ" ಎಂದರಂತೆ. ಯಾರೂ ಕೇಳಲಿಲ್ಲ. ಕಂಡವರ ಪರ್ಸು ಜೇಬಿಗೆ ಹಾಕಿಕೊಂಡವಳ ಹಾಗೆ ಅವಳು ತಲೆ ತಗ್ಗಿಸಿ ಓಡಾಡುತ್ತಿದ್ದಳು. ತಪ್ಪು ಮಾಡದೆಯೂ ತಪ್ಪಿತಸ್ಥಳಾಗುವುದು ಅವಳಿಗೆ ಹುಟ್ಟುಗುಣ. ನನಗೋ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ತುರಿಕೆ ವಿಪರೀತವಾಗಿ ಅವಳು ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋದಳು. ಉಜ್ಜಿ ಉಜ್ಜಿ ರೆಪ್ಪೆಯ ಒಳಗೆಲ್ಲ ಗುಳ್ಳೆ ಎದ್ದಿದ್ದವು. ಅಲರ್ಜಿಯ ತುರಿಕೆ ತಡೆಯುವ ಆಂಟಿಹಿಸ್ಟಮಿನ್ ಹನಿ ಕೊಟ್ಟರು. ವಾಪಸ್ ಬರುವಾಗ ನನ್ನ ಅಂಗಡಿಯಲ್ಲಿ ನಿಂತು, ಕೈಯಲ್ಲಿ ಮೈಕ್ ಇರುವ ಹಾಗೆ ಸೇವಂತಿಗೆ ಹಿಡಿದು ಎಲ್ಲ ಒಪ್ಪಿಸಿದಳು.

"ಪ್ರಯಾಣಿಕರೇ, ಮೊದಲು ಕೈ ತೊಳ್ಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಇದ್ರೆ ತೆಗೀರಿ, ಹನಿ ಹಾಕಿದ ತಕ್ಷಣ ತಿರುಗಿ ಹಾಕ್ಬೇಡಿ. ಕೆಳರೆಪ್ಪೆ ಎಳೆದು ಒಂದೇ ಒಂದು ಹನಿ. ಬಾಟಲಿ ಮೂತಿ ರೆಪ್ಪೆಗೆ ತಾಗ್ಬಾರ್ದು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆ ಮೆತ್ತಗೆ ಒತ್ತಿ ಹಿಡೀರಿ. ಪಟಪಟ ಮಿಟುಕಿಸ್ಬೇಡಿ."

"ಮಿಟುಕಿಸಿದ್ರೆ?"

"ಔಷಧಿ ಮೂಗಿಗೆ ಹೋಗುತ್ತೆ, ಗಂಟಲು ಕಹಿ. ನೋಟ ಮಂಜಾದ್ರೆ ತಿಳಿಯಾಗೋ ತನಕ ಗಾಡಿ ಓಡಿಸ್ಬೇಡಿ. ತೆಗೆದು ತಿಂಗಳಾದ ಬಾಟಲಿ ಕಸಕ್ಕೆ. ಒಬ್ಬರ ಬಾಟಲಿ ಒಬ್ಬರಿಗೇ, ಹೆತ್ತ ಮಗಳಿಗೂ ಕೊಡೋ ಹಾಗಿಲ್ಲ. ಮತ್ತೆ ಬೆಳಿಗ್ಗೆ ಕಣ್ಣು ಗೀಜು ಕಟ್ಟಿ ಅಂಟ್ಕೊಂಡ್ರೆ, ಒಂದೇ ಕಣ್ಣು ಕೆಂಪಾದ್ರೆ, ನೋವಾದ್ರೆ, ಅದು ಪರಾಗ ಅಲ್ಲ. ಹನಿ ನಿಲ್ಲಿಸಿ ಓಡಿ ಬನ್ನಿ ಅಂದಿದಾರೆ."

ಇಷ್ಟು ಚೆನ್ನಾಗಿ ಬಾಯಿಪಾಠ ಮಾಡಿಕೊಂಡವಳು ಮಾಡಿದ್ದೇನು ಗೊತ್ತೇ?

ಮಾರ್ಚ್ ಕೊನೆಯಲ್ಲಿ ಊರಿನಲ್ಲಿ ಒಂದಾದ ಮೇಲೊಂದು ಸಾವು. ಅವಳಿಗೆ ಬಿಡುವಿಲ್ಲ. ಎಡಗಣ್ಣು ಬೆಳಿಗ್ಗೆ ಅಂಟಿಕೊಂಡಿತ್ತು. ಬಿಸಿನೀರಲ್ಲಿ ಒರೆಸಿಕೊಂಡು ಹೋದಳು. ಮಾರನೆಯ ಬೆಳಿಗ್ಗೆಯೂ ಹಾಗೆಯೇ. ಈ ಗಡಿಬಿಡಿ ಮುಗಿಯಲಿ, ಡಾಕ್ಟರಮ್ಮನ ಹತ್ತಿರ ಹೋದರಾಯಿತು ಎಂದುಕೊಂಡಳು. ಅವತ್ತು ಅನಾಯ್ ಇವಾವೊ ಅವರ ಸಂಸ್ಕಾರ.

ಇವಾವೊ ನದಿಯಾಚೆಯ ಮರ ಕೊಯ್ಯುವ ಮಿಲ್ಲಿನ ಯಜಮಾನ. ಹೆಂಡತಿ ಸೆತ್ಸು ಅವರನ್ನು ಊರೆಲ್ಲ ಅನಾಯ್ ಅಜ್ಜಿ ಎನ್ನುತ್ತದೆ. ಗಂಡ ಮಾತ್ರ ಜೀವಮಾನ ಪೂರ್ತಿ "ಏಯ್" ಎಂದೇ ಕರೆದ. ಸಾರು ಉಪ್ಪಾದರೆ ಬಟ್ಟಲು ತಳ್ಳುವುದು, ಸರಿಯಾಗಿದ್ದರೆ ಬಾಯಿ ಮುಚ್ಚಿ ಉಣ್ಣುವುದು. ಅಷ್ಟೇ ಅವರ ಸಂಸಾರ. ಶವಪೆಟ್ಟಿಗೆ ಮುಚ್ಚುವ ಮೊದಲು ಹೂವಿಡುವ ಹೊತ್ತು ಬಂತು. ಅಜ್ಜಿ ಎದ್ದು ಪಕ್ಕದ ಕೋಣೆಗೆ ಹೋದರು. ಮಿಸಾಯೊ ಹಿಂದೆಯೇ ಹೋದಳು.

"ಮಿಸಾಯೊ ಸಾನ್, ನೀವು ಅದ್ಹೇಗೆ ಅಳ್ತೀರಿ? ನಂಗೊಂದು ಹನೀನೂ ಬರ್ತಿಲ್ಲ."

"ಬರದಿದ್ರೆ ಬೇಡ ಅಜ್ಜಿ. ಎಷ್ಟೋ ಜನಕ್ಕೆ ಆ ಹೊತ್ತಲ್ಲಿ ಬರಲ್ಲ."

"ನನ್ನ ನಾದಿನಿಯರು ಮುಂದಿನ ಸಾಲಲ್ಲೇ ಕೂತಿದಾರೆ. ನೋಡಿ, ಹದ್ದಿನ ಕಣ್ಣು. ಇವಳು ಒಣಮುಖ ಹೊತ್ಕೊಂಡು ನಮ್ಮಣ್ಣನ್ನ ಕಳಿಸಿದ್ಳು ಅಂತ ನಾನು ಸಾಯೋ ತನಕ ಹೇಳ್ತಾರೆ. ನಿಮ್ಮ ಹತ್ರ ಕಣ್ಣಿಗೆ ಹಾಕೋ ನೀರಿದೆಯಲ್ಲ, ಆಗಲೇ ಹಾಕ್ಕೊಳ್ತಿದ್ರಿ. ನಂಗೂ ಸ್ವಲ್ಪ ಬಿಡಿ."

"ಅದು ನೀರು ನಿಲ್ಲಿಸೋ ಔಷಧಿ ಅಜ್ಜಿ!"

"ಕೆನ್ನೆ ಮೇಲೆ ಹರಿದ್ರೆ ಯಾವ ಔಷಧಿ ಅಂತ ಅವ್ರಿಗೇನು ಗೊತ್ತು?"

ಬಂಧುಗಳು ಏನು ಕೇಳಿದರೂ ಇಲ್ಲ ಎನ್ನಬಾರದು. ಹಾಲ್‌ನಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು. ನೀರು ಕೇಳಿದರೆ ನೀರು, ಕಾಲುಚೀಲ ಹರಿದಿದ್ದರೆ ಕಾಲುಚೀಲ, ಕರವಸ್ತ್ರ ಕೇಳಿದರೆ ತನ್ನದೇ ಕರವಸ್ತ್ರ. ಡಾಕ್ಟರಮ್ಮನ ಮಾತು ನೆನಪಿಗೆ ಬಂತಂತೆ. ಬಂದೂ ಅವಳ ಕೈ ಚೀಲದೊಳಗೆ ಹೋಯಿತು. ಅಜ್ಜಿಗೆ ಅಭ್ಯಾಸವಿಲ್ಲ, ಹನಿ ಬೀಳುವಾಗ ತಲೆ ಕೊಡವಿದರು, ಮೂತಿ ರೆಪ್ಪೆಗೆ ತಾಗಿತು. ಎರಡೂ ಕಣ್ಣಿಗೆ ಧಾರಾಳವಾಗಿ ಬಿಟ್ಟಳು. ಅಜ್ಜಿ ಕೆನ್ನೆ ಒದ್ದೆ ಮಾಡಿಕೊಂಡು ಹೊರಗೆ ಬಂದು ಹೂವಿಟ್ಟಾಗ ನಾದಿನಿಯರೇ ಬಿಕ್ಕಿ ಬಿಕ್ಕಿ ಅತ್ತರು. ಸೇವಂತಿಗೆ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನು ಕೂಡ ನಂಬಿದೆ.

ಮರುದಿನ ಮಿಸಾಯೊಗೆ ಎಡಗಣ್ಣು ತೆರೆಯಲೇ ಆಗಲಿಲ್ಲ. ಡಾಕ್ಟರಮ್ಮ ನೋಡಿ ಅಂಟುವ ಕಣ್ಣುಬೇನೆ ಎಂದರು. ಕೆಲಸಕ್ಕೆ ಹೋಗಬೇಡಿ, ಟವೆಲ್ ಬೇರೆ ಇಡಿ, ಕಣ್ಣು ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ ಎಂದು ಹೇಳಿ, ಹನಿಯ ಬಾಟಲಿ ಕಸಕ್ಕೆ ಹಾಕಿಸಿದರು. ಕೊನೆಗೆ ಕೇಳಿದರು, "ಈ ಬಾಟಲಿ ಬೇರೆ ಯಾರಾದ್ರೂ ಉಪಯೋಗಿಸಿದಾರಾ?"

"ಇಲ್ಲ" ಎಂದಳು ಮಿಸಾಯೊ.

ಅಜ್ಜಿಗೆ ಏನೂ ಆಗಿರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಏಪ್ರಿಲ್ ಶುರುವಾಗುತ್ತಿದ್ದಂತೆ ಸುದ್ದಿ ಬಂತು. ಅನಾಯ್ ಅಜ್ಜಿಯ ಎರಡೂ ಕಣ್ಣು ಕೆಂಡವಾಗಿವೆ, ನೀರು ನಿಲ್ಲುತ್ತಿಲ್ಲ. ಊರಿನವರು ತಮ್ಮ ಬುದ್ಧಿಗೆ ತಕ್ಕ ಅರ್ಥ ಮಾಡಿಕೊಂಡರು. ಅಂಗಡಿಗೆ ಬಂದವರೆಲ್ಲ ನನಗೆ ಅದನ್ನೇ ಹೇಳುವುದು: "ಅತ್ತೂ ಅತ್ತೂ ಕಣ್ಣೇ ಕೆಟ್ಟುಹೋಯ್ತಂತೆ ಪಾಪ. ಒಳಗೊಳಗೇ ಎಷ್ಟು ಪ್ರೀತಿ ಇತ್ತು ನೋಡಿ."

ಕಣ್ಣು ವಾಸಿಯಾಗಿ ಬಂದ ಮಿಸಾಯೊಗೆ ನಾನೇ ಇದನ್ನು ಹೇಳಿದೆ, ಏನೂ ತಿಳಿಯದೆ. ಅವಳು ಹೂವಿನ ಬಕೆಟ್ಟುಗಳ ನಡುವೆ ಕುಕ್ಕರಿಸಿ ಕೂತುಬಿಟ್ಟಳು. ನಡೆದದ್ದೆಲ್ಲ ಹೇಳಿದಳು.

"ರಿತ್ಸು ಅಕ್ಕ, ನಾನು ಏನ್ಮಾಡ್ಲಿ?"

"ಏನ್ಮಾಡ್ಲಿ ಅಂದ್ರೆ? ಎದ್ದು ಹೋಗಿ ಹೇಳು."

"ಹಾಲ್ ಹೆಸರು ಹಾಳಾಗುತ್ತೆ. ದುಃಖದಲ್ಲಿರೋರಿಗೆ ರೋಗ ಹಚ್ಚಿದ್ರು ಅಂತಾರೆ."

"ಹಚ್ಚಿದ್ದು ಹೌದಲ್ಲ! ಹಾಲ್ ಚಿಂತೆ ಯಜಮಾನರು ಮಾಡ್ಲಿ. ಆ ಮುದುಕಿ ಒಬ್ಬಳೇ ಕೂತಿದಾಳೆ ಅಲ್ಲಿ."

ಹೇಳಿದೆನೇ ಹೊರತು ಅವಳು ಹೋಗಲಿಲ್ಲ. ಅಷ್ಟರಲ್ಲಿ ಶಾಲೆಗಳಲ್ಲಿ ಪ್ರವೇಶೋತ್ಸವ. ಅಜ್ಜಿಯ ಒಬ್ಬಳೇ ಮೊಮ್ಮಗಳು ಒಂದನೇ ತರಗತಿಗೆ ಸೇರುವ ದಿನ. ಅಂಟುರೋಗವಾದ್ದರಿಂದ ಅಜ್ಜಿ ಹೋಗುವ ಹಾಗಿರಲಿಲ್ಲ. ಮಗು ಹೊಸ ಕೆಂಪು ಚೀಲ ಹೊತ್ತು ಅಂಗಳದಲ್ಲೇ ನಿಂತು ಗಾಜಿನಾಚೆಯಿಂದ ಅಜ್ಜಿಗೆ ಬಗ್ಗಿ ನಮಸ್ಕರಿಸಿ ಹೋಯಿತೆಂದು ಕೇಳಿದ ದಿನ ಮಿಸಾಯೊ ಉಣ್ಣಲಿಲ್ಲ. ಮುಖ ಬಾಡಿ, ಸಮವಸ್ತ್ರದ ಕಪ್ಪು ಕೋಟು ಭುಜದಿಂದ ಜಾರತೊಡಗಿತು. ಕೊನೆಗೆ ಡಾಕ್ಟರಮ್ಮನ ಬಳಿ ಹೋಗಿ ಸುಳ್ಳು ಒಪ್ಪಿಕೊಂಡಳು. ಅವರು ಕೂಗಾಡಲಿಲ್ಲ. "ಅವತ್ತೇ ಹೇಳಿದ್ದಿದ್ರೆ ಅಜ್ಜಿಗೆ ನಾನೇ ಫೋನ್ ಮಾಡ್ತಿದ್ದೆ. ಕೆಂಪಾದ ದಿನಾನೇ ಬನ್ನಿ ಅಂತಿದ್ದೆ. ಅವರು ಬಂದಿದ್ದು ತುಂಬ ತಡವಾಗಿ" ಎಂದರು. ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೇ ತಿಂಗಳಲ್ಲಿ, ಇವಾವೊ ಸತ್ತ ನಲವತ್ತೊಂಬತ್ತನೇ ದಿನದ ಪೂಜೆಗೆ ಮುಂಚೆ, ಅವಳನ್ನು ನನ್ನ ವ್ಯಾನಿನಲ್ಲಿ ಕೂರಿಸಿಕೊಂಡು ನದಿ ದಾಟಿದೆ. ತೊಡೆಯ ಮೇಲೆ ಸಿಹಿಯ ದೊಡ್ಡ ಪೆಟ್ಟಿಗೆ. ನಮ್ಮಲ್ಲಿ ತಪ್ಪೊಪ್ಪಿಕೊಳ್ಳಲು ಹೋಗುವವರು ಸಿಹಿ ಒಯ್ಯುತ್ತಾರೆ, ತಪ್ಪು ದೊಡ್ಡದಾದಷ್ಟೂ ಪೆಟ್ಟಿಗೆ ದೊಡ್ಡದು. ಅಜ್ಜಿ ಬಾಗಿಲು ತೆರೆದವರೇ ಆ ಪೆಟ್ಟಿಗೆ ನೋಡಿದರು.

"ಅಬ್ಬಾ, ಇಷ್ಟು ದೊಡ್ಡದಾ? ಏನೋ ಭಾರೀ ತಪ್ಪೇ ಮಾಡಿರ್ಬೇಕು. ಒಳಗೆ ಬನ್ನಿ."

ಒಳಗೆ ಇವಾವೊನ ಫೋಟೋ, ಬಿಳಿ ಬಟ್ಟೆ ಸುತ್ತಿದ ಅಸ್ಥಿಯ ಪೆಟ್ಟಿಗೆ, ಊದುಬತ್ತಿ. ಮಿಸಾಯೊ ಹಣೆ ಚಾಪೆಗೆ ಹಚ್ಚಿ ಒಂದೇ ಉಸಿರಿಗೆ ಹೇಳಿದಳು. ತನ್ನ ಕಣ್ಣಿಗೆ ಆಗಲೇ ರೋಗವಿತ್ತು ಎಂದಳು, ಗೀಜು ಕಟ್ಟಿದ್ದು ಕಂಡೂ ಡಾಕ್ಟರ ಹತ್ತಿರ ಹೋಗಲಿಲ್ಲ ಎಂದಳು, ಕೊಡಬಾರದೆಂದು ಗೊತ್ತಿದ್ದೂ ಬಾಟಲಿ ಕೊಟ್ಟೆ, ಕೇಳಿದವರಿಗೆ ಸುಳ್ಳು ಹೇಳಿದೆ ಎಂದಳು. ಹಾಲ್‌ನ ಪಾಠ, ಗಡಿಬಿಡಿ, ಅಜ್ಜಿಯೇ ಕೇಳಿದ್ದು, ಒಂದನ್ನೂ ಅಡ್ಡ ಇಟ್ಟುಕೊಳ್ಳಲಿಲ್ಲ.

ಅಜ್ಜಿ ಮುಂದಕ್ಕೆ ಬಾಗಿ ಕೇಳಿದರು.

"ಹಾಗಾದ್ರೆ ಇದು ಅವರ ಕೋಪ ಅಲ್ವಾ?"

"ಯಾರದು ಅಜ್ಜಿ?"

"ಇನ್ಯಾರದು, ಇವರದು." ಫೋಟೋ ಕಡೆ ಗದ್ದ ತೋರಿಸಿದರು. "ಸುಳ್ಳು ಕಣ್ಣೀರು ಹಾಕಿ ಕಳಿಸಿದೆನಲ್ಲ, ಅದಕ್ಕೆ ಅವರೇ ಕೊಟ್ಟ ಶಿಕ್ಷೆ ಅಂದ್ಕೊಂಡೆ. ಶಿಕ್ಷೆ ಅಂದ್ಮೇಲೆ ಅನುಭವಿಸ್ಬೇಕಲ್ವಾ? ಅದಕ್ಕೇ ಡಾಕ್ಟ್ರ ಹತ್ರ ಹೋಗ್ಲಿಲ್ಲ. ಸೊಸೆ ಬೈದು ಎಳ್ಕೊಂಡು ಹೋದ್ಳು. ಈಗ ಬಲಗಣ್ಣು ಪರ್ವಾಗಿಲ್ಲ. ಈ ಎಡಗಣ್ಣಲ್ಲಿ ನೋಡಿದ್ರೆ ನಿಮ್ಮ ಮುಖ ಮಂಜು ಮಂಜು."

ಮಿಸಾಯೊ ತಲೆ ಎತ್ತಲಿಲ್ಲ. ನನಗೂ ಅಲ್ಲಿ ಕೂರುವುದು ಕಷ್ಟವಾಯಿತು.

"ಇದಾದ್ರೂ ಹೋಗ್ಲಿ, ಡಾಕ್ಟ್ರು ತಿಳಿಯಾಗ್ಬಹುದು ಅಂದಿದಾರೆ. ಆದ್ರೆ ಮಗು ಅಂಗಳದಲ್ಲಿ ನಿಂತು ಅಜ್ಜಿ ಬಾ ಅಂತ ಕರೀತು ನೋಡಿ, ಅದಕ್ಕೆ ನಾನು ನಿಮ್ಮನ್ನ ಕ್ಷಮಿಸಲ್ಲ. ಕ್ಷಮಿಸಿದೆ ಅಂತ ಬಾಯಲ್ಲಿ ಹೇಳ್ಬಹುದು, ಸುಳ್ಳಾಗುತ್ತೆ. ಸುಳ್ಳಿಗೆ ಆದದ್ದೇ ಸಾಕು."

"ಹೌದು ಅಜ್ಜಿ" ಎಂದಳು ಮಿಸಾಯೊ. ಮೊದಲ ಸಲ ಅವಳು ಯಾವ ಸಮಜಾಯಿಷಿಯನ್ನೂ ಹೇಳದೆ ಬೈಗುಳ ತೆಗೆದುಕೊಂಡದ್ದು ಕಂಡೆ. ಇಷ್ಟು ವರ್ಷ ಮಾಡದ ತಪ್ಪಿಗೆಲ್ಲ ಬಾಗಿದವಳು, ಮಾಡಿದ ತಪ್ಪಿಗೆ ಅವತ್ತು ಬೆನ್ನು ನೇರ ಮಾಡಿ ಕೂತಳು.

ಅಜ್ಜಿ ಚಹಾ ಬಗ್ಗಿಸಿದರು. ಸಿಹಿಯ ಪೆಟ್ಟಿಗೆ ಬಿಚ್ಚಿ ಒಂದನ್ನು ಫೋಟೋ ಮುಂದಿಟ್ಟರು. ಇದ್ದಕ್ಕಿದ್ದಂತೆ ತಟ್ಟೆಯನ್ನು ಚಾಪೆಗೆ ಕುಕ್ಕಿದರು.

"ಅಲ್ಲ ಮಿಸಾಯೊ ಸಾನ್, ದಿನಾ ಬೆಳಿಗ್ಗೆ ಇವರ ಮುಂದೆ ತಲೆ ಬಗ್ಗಿಸಿ, ತಪ್ಪಾಯ್ತು, ನೀವಿದ್ದಾಗ ನಾನೂ ನಿಮ್ಮನ್ನ ಕಲ್ಲಿನ ಥರಾನೇ ನೋಡಿದೆ, ತಪ್ಪಾಯ್ತು ಅಂತ ಬೇಡ್ಕೊಂಡಿದೀನಿ! ಮದುವೆಯಾದಾಗಿಂದ ನಾನಾಗ್ಲಿ ಅವರಾಗ್ಲಿ ಒಂದ್ಸಲಾನೂ ಆ ಮಾತು ಆಡಿರ್ಲಿಲ್ಲ. ಒಂದು ಬಾಟಲಿಗಾಗಿ ಆಡ್ಸಿಬಿಟ್ರಲ್ಲ ನೀವು!" ಫೋಟೋ ಕಡೆ ತಿರುಗಿ ಅಂಗೈ ಚಾಚಿದರು. "ಕೇಳಿಸ್ತೇನ್ರೀ? ನಿಮ್ಮ ಕೋಪ ಅಲ್ವಂತೆ. ನಾನಂದಿದ್ದೆಲ್ಲ ವಾಪಸ್ ಕೊಡಿ."

ಕೈ ಹಾಗೆಯೇ ಚಾಚಿಕೊಂಡಿದ್ದರು. ಆಮೇಲೆ ನಿಧಾನಕ್ಕೆ ಅದನ್ನು ಎಳೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ಇರ್ಲಿ ಬಿಡಿ," ಎಂದು ಫೋಟೋಗೇ ಹೇಳಿದರು. "ಇಟ್ಕೊಳ್ಳಿ."