ಎದುರಾಳಿಯ ಮಾವನೇ ಪಂಚ

ಭೀಮರಾಯನಗುಡಿ ಕಡೆಯಿಂದ ಕಾಲುವೆ ನೀರು ಬಂದ ಹೊಸತರಲ್ಲಿ ಶಹಾಪುರದ ಕೋರ್ಟಿಗೆ ನೀರಿನ ಜಗಳಗಳೂ ಬರತೊಡಗಿದವು. ಆಗ ನಾನು ಹೊಸ ವಕೀಲ. ನನ್ನ ಕಕ್ಷಿದಾರಳು ಕೊನೆಯ ಹೊಲದ ಒಬ್ಬ ದೊಡ್ಡವ್ವ. ಮೇಲಿನ ಹೊಲದವನು ಅವಳಿಗೆ ನೀರು ಒಯ್ಯುವ ಸಣ್ಣ ಕಾಲುವೆಯನ್ನೇ ಉತ್ತು ಭತ್ತ ಹಚ್ಚಿದ್ದ. ಅವಳ ಶೇಂಗಾ ಒಣಗುತ್ತಿತ್ತು. ಕೇಸು ಮುಗಿಯುವವರೆಗೆ ಅದು ಉಳಿಯುವಂತಿರಲಿಲ್ಲ. ಇಬ್ಬರೂ ಒಪ್ಪಿದರೆ ಪಂಚರಿಗೆ ಬಿಡಿ ಎಂದರು ಜಡ್ಜ್ ಸಾಹೇಬರು.

ಇಂಗ್ಲಿಷರು ಬಿಟ್ಟುಹೋದ ಕಾನೂನು ನನಗೆ ಬಾಯಿಪಾಠ. ನೀನೊಬ್ಬ ಪಂಚನನ್ನು ಹೇಳು, ಅವನೊಬ್ಬನನ್ನು ಹೇಳಲಿ, ಆ ಇಬ್ಬರಿಗೂ ಹೊಂದದಿದ್ದರೆ ಅವರು ಆರಿಸಿದ ಮೂರನೆಯವನ ಮಾತೇ ಕೊನೆ ಎಂದು ದೊಡ್ಡವ್ವನಿಗೆ ವಿವರಿಸಿದೆ.

“ನನ್ನ ಕಡಿಂದ ಅವನ ಮಾವನ್ನ ಬರಕೊಳ್ರಿ, ವಕೀಲಸಾಬ್ರ. ಕೆಂಭಾವಿಯಾಂವ, ಹೆಣ್ಣು ಕೊಟ್ಟಾಂವ.”

“ದೊಡ್ಡವ್ವಾ, ತಲಿ ನೆಟ್ಟಗೈತಿಲ್ಲೋ? ಅವರ ಮನಿಯಾಂವನ್ನ ನೀ ಕರಿತಿಯೇನು?”

“ಮತ್ತ ಅಳಿಯಗ ಗದರೂ ಹಕ್ಕು ಯಾರಿಗೈತ್ರಿ? ನಿಮಗೈತೇನು?”

ಎದುರಿನವನಿಗೆ ಖುಷಿಯೋ ಖುಷಿ. “ಹಂಗಾದ್ರ ನಂದೂ ಅವರೇ ಇರ್ಲಿ” ಎಂದುಬಿಟ್ಟ.

ಮಾವ ಬಂದವನು ನೇರ ನಾನೂ ದೊಡ್ಡವ್ವನೂ ಕಾಯುತ್ತಿದ್ದ ಹೊಲದ ಬದುವಿಗೇ ಬಂದ. ಮಗಳು ಓಡಿಬಂದು ಊಟಕ್ಕೆ ಕರೆದಳು.

“ಈಗ ಒಲ್ಲೆವ್ವ. ನಿನ್ನ ಮನ್ಯಾಗ ಉಂಡು ಮಾತಾಡಿದ್ರ ಇಕಿ ಮುಂದ ನನ್ನ ಮಾತಿಗಿ ಕಿಮ್ಮತ್ತಿರಂಗಿಲ್ಲ.”

ಎರಡೂ ಹೊಲ ಅಡ್ಡಾಡಿ ನೋಡಿ ಅಳಿಯನನ್ನು ಕೇಳಿದ: “ಕಾಲುವಿ ಇಲ್ಲೇ ಇತ್ತಲ್ಲೋ?”

“ಇತ್ರಿ. ಆದ್ರ ಭತ್ತ ತೆನಿಗಿ ಬಂದೈತ್ರಿ, ಮಾವಾ.”

“ಇಕಿ ಶೇಂಗಾಕ್ಕ ಜೀವ ಇಲ್ಲೇನು? ಇವತ್ತೇ ತೆಗಿಬೇಕು.”

“ಮಾವ ಆಗಿ ಹಿಂಗ ಮಾಡ್ತೀರೇನ್ರಿ?”

“ಪಂಚ ಅಂತ ಕರಸಿದಾಂವ ನೀನೇ ಅಲ್ಲೇನು?”

ಮುದುಕನ ದನಿ ಗಡುಸಾಗಿತ್ತು. ಮಗಳು ಸೊಂಟ ಬಗ್ಗಿಸಿ ಹಚ್ಚಿದ ಭತ್ತವದು. ಮೊದಲ ಸಾಲು ಅವನೇ ಕಿತ್ತ. ಕಿತ್ತ ತೆನೆಗಳನ್ನು ಬಿಸಾಡದೆ, ಬದುವಿನ ಮೇಲೆ ಒಂದರ ಪಕ್ಕ ಒಂದು ಒಪ್ಪವಾಗಿ ಇಟ್ಟ. ಅಳಿಯ ಅದನ್ನು ನೋಡಿದ. ಸಲಿಕೆ ಹಿಡಿದು ಕಾಲುವೆ ತೋಡತೊಡಗಿದ.

ಸಂಜೆಗೆ ಕೆಂಪು ನೀರು ಶೇಂಗಾದ ಸಾಲಿಗೆ ಇಳಿಯಿತು. ಅಳಿಯ ಸಿಟ್ಟಿನಲ್ಲಿ ಕಾಲುವೆಯ ಬಾಯಿ ಅಗಲ ಮಾಡುತ್ತಲೇ ಇದ್ದ. ದೊಡ್ಡವ್ವ ಸೀರೆ ಎತ್ತಿ ಕಟ್ಟಿ ನೀರಿನ ಜೊತೆಗೇ ಓಡುತ್ತ ಕೂಗಿದಳು: “ಸಾಕೋ ತಮ್ಮಾ, ಸಾಕು! ನಿನ್ನ ಭತ್ತಕ್ಕೂ ಇರ್ಲಿ!”