ಇಂಜೆಕ್ಷನ್ ಕೋಣೆಯ ಬಳೆಗಾರ್ತಿ

ಮಂಗಳವಾರ, ಬೆಳಗಿನ ಐದೂವರೆ. ಮಸ್ಕಿಯ ಮನೆಯಲ್ಲಿ ಗುಲ್ಷನ್‌ಬೀ ಒಂದು ರೊಟ್ಟಿಯನ್ನು ಹಂಚಿಗೆ ಹಾಕಿ ಇನ್ನೊಂದನ್ನು ಬಡಿಯುತ್ತಿದ್ದಾರೆ. ಅಷ್ಟರಲ್ಲಿ ಫೋನು. ಕೈತುಂಬ ಹಿಟ್ಟು. ಗಂಡ ಗೌಸ್‌ಸಾಬ್ ಫೋನನ್ನು ಅವರ ಕಿವಿಗೆ ಹಿಡಿದು ನಿಲ್ಲುತ್ತಾರೆ. ಆ ಕಡೆ ತುರ್ವಿಹಾಳದ ಕಸ್ತೂರೆಮ್ಮ.

"ನಾ ಇವತ್ತು ಬರಂಗಿಲ್ಲ ಗುಲ್ಷನ್. ಹೋದ ತಿಂಗಳು ಕಣ್ಣಿಗೆ ಚುಚ್ಚಿಸಿಕೊಂಡೆ, ಏನು ಕಾಣಸ್ತು? ಸುಳ್ಳು ಸೂಜಿ ಅದು."

"ಕಾಣಸೂದು ಇರಲಿ ಅಕ್ಕಾ. ಸೂಜಿ ಹಾಕಿದ ಮ್ಯಾಲೆ ನಿದ್ದಿ ಬಂತೋ ಇಲ್ಲೋ?"

"ಬಂತವ್ವ. ಹದಿನೈದು ದಿನ ಚಲೋ ಮಲಗಿದೆ."

"ಈಗ?"

"ಈಗ ಮತ್ತ ನೋವು. ಗ್ವಾಡಿಗೆ ಹಣಿ ಒತ್ತಿ ಕುಂದ್ರತೀನಿ."

"ಹಂಗಾದ್ರ ಸುಳ್ಳು ಹೇಳಾಕತ್ತಿದ್ದು ಸೂಜಿ ಅಲ್ಲ, ನೀ! ಮೊಮ್ಮಗಳನ್ನ ಕರಕೊಂಡು ಎಂಟರ ಬಸ್ಸಿಗೆ ಬಾ. ಕೈ ಹಿಡಿಯಾಕ ನಾ ಅದೀನಿ."

ಮಾತು ಮುಗಿಯುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಗಿದೆ. "ಇದು ನನ್ನ ಪಾಲಿಂದು, ಗೊತ್ತು," ಎನ್ನುತ್ತಾರೆ ಗೌಸ್‌ಸಾಬ್.

ಕೈ ಹಿಡಿಯುವುದೇ ಗುಲ್ಷನ್‌ಬೀಯ ಕೆಲಸ. ಸಿಂಧನೂರಿನ ಒಂದು ಚಿಕ್ಕ ಕಣ್ಣಿನ ಆಸ್ಪತ್ರೆಯಲ್ಲಿ ಅವರು ಆಯಾ. ಕಸ ಗುಡಿಸುತ್ತಾರೆ, ಚಾದರ ಒಗೆಯುತ್ತಾರೆ. ಮಂಗಳವಾರ ಮತ್ತು ಶುಕ್ರವಾರ ಮಾತ್ರ ಕೈಕಾಲು ತೊಳೆದು ಇಂಜೆಕ್ಷನ್ ಕೋಣೆಗೆ ಹೋಗುತ್ತಾರೆ. ಅಲ್ಲಿ ಮಲಗಿದವರ ಮುಖಕ್ಕೆ ಹಸಿರು ಬಟ್ಟೆ ಮುಚ್ಚಿರುತ್ತದೆ, ಒಂದು ಕಣ್ಣು ಮಾತ್ರ ಹೊರಗೆ. ಮಾತಾಡುವಂತಿಲ್ಲ, ತಲೆ ಅಲುಗಿಸುವಂತಿಲ್ಲ. ಕೆಮ್ಮು ಬಂದರೆ ಗುಲ್ಷನ್‌ಬೀಯ ಕೈಯನ್ನು ಒಂದು ಸಲ ಒತ್ತಬೇಕು, ಹೆದರಿಕೆಯಾದರೆ ಎರಡು ಸಲ. ಅವರು ಹೇಳಿದ ಕೂಡಲೇ ಡಾಕ್ಟರ್ ಸಂಗನಬಸವ ಸೂಜಿ ಹಿಂದಕ್ಕೆ ತೆಗೆಯುತ್ತಾರೆ. ದಿನಕ್ಕೆ ಹತ್ತು ಹದಿನೈದು ಕೈ. ಹನ್ನೊಂದು ವರ್ಷಗಳಿಂದ ಹೀಗೇ ನಡೆದಿದೆ.

ಅದಕ್ಕೂ ಮೊದಲು ಅವರು ಬಳೆ ಮಾರುತ್ತಿದ್ದರು. ತಲೆಯ ಮೇಲೆ ಬಳೆಯ ಮಲಾರ ಹೊತ್ತು ಲಿಂಗಸುಗೂರಿನಿಂದ ಮುದಗಲ್‌ವರೆಗೆ ಓಣಿ ಓಣಿ ತಿರುಗಿದವರು. ಕೈ ಮುಂದೆ ಮಾಡಿ ಬಳೆ ತೊಡಿಸಿಕೊಳ್ಳುವವರು ಕಡಿಮೆಯಾದರು, ಎಲ್ಲರೂ ಅಂಗಡಿಯಿಂದ ಡಬ್ಬಿ ಒಯ್ಯತೊಡಗಿದರು. ಗೌಸ್‌ಸಾಬರ ಮೊಣಕಾಲೂ ಸೋತವು. ಗುಲ್ಷನ್‌ಬೀ ಕಸಬರಿಗೆ ಹಿಡಿದು ಆಸ್ಪತ್ರೆ ಸೇರಿದರು. ಒಂದು ದಿನ ನಡುಗುತ್ತಿದ್ದ ರೈತರೊಬ್ಬರ ಕೈ ಹಿಡಿಯಲು ಡಾಕ್ಟರು ಹೇಳಿದರು. ಇವರು ಹಿಡಿದದ್ದು ಬಳೆಗಾರರ ಹಿಡಿತ: ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತುತ್ತ, ಗೆಣ್ಣು ಸಡಿಲವಾಗುವವರೆಗೆ ಕಾಯುತ್ತ. ನಡುಕ ನಿಂತಿತು.

"ಬಳಿ ಗೆಣ್ಣು ದಾಟಿದ್ದು ಗೊತ್ತಾಗಬಾರದ್ರಿ. ಸೂಜಿನೂ ಹಂಗ," ಎನ್ನುತ್ತಾರೆ.

ಕಸ್ತೂರೆಮ್ಮನದು ಸಕ್ಕರೆ ಕಾಯಿಲೆಯಿಂದ ಬಂದ ಮೊಂಡು ಗ್ಲಾಕೋಮಾ. ಗುಲ್ಷನ್‌ಬೀ ಅದನ್ನು ಕಾಲುವೆ ನೀರಿನ ಊರಿನವರಿಗೆ ತಿಳಿಯುವ ಹಾಗೆ ಹೇಳುತ್ತಾರೆ: "ತೂಬಿನ ಬಾಯಿಗೆ ಕಸ ಬೆಳದ್ರ ನೀರು ಹೋಗತೈತೇನು? ಕಣ್ಣಾಗ ಬ್ಯಾಡಾದ ರಕ್ತದ ನರ ಬೆಳದು ನೀರಿನ ದಾರಿ ಮುಚ್ಯಾವ. ಅದಕ್ಕ ಒತ್ತಡ, ನೋವು. ಸೂಜಿ ಆ ನರ ಒಣಗಸ್ತೈತಿ. ಆದ್ರ ಅದೊಂದ ಸಾಲಂಗಿಲ್ಲ. ಹನಿನೂ ಬೇಕು, ಸೂಜಿ ಆದ ನಾಕ ದಿನದಾಗ ಆಪರೇಷನ್ನೂ ಬೇಕು." ಕಸ್ತೂರೆಮ್ಮ ತಪ್ಪಿದ್ದು ಅಲ್ಲೇ. ಹೋದ ಸಲ ಇಂಜೆಕ್ಷನ್ ಆದರೂ ಮಸುಕು ಹೋಗಲಿಲ್ಲವೆಂದು ಸಿಟ್ಟಾಗಿ ಆಪರೇಷನ್ನಿಗೆ ಬರಲೇ ಇಲ್ಲ. ಆ ಬೇಡದ ರಕ್ತನಾಳಗಳು ಮತ್ತೆ ಬೆಳೆದಿವೆ. ಈ ಸಲವೂ ತಪ್ಪಿಸಿದರೆ ಆ ಕಣ್ಣು ಪೂರ್ತಿ ಹೋದೀತು.

ಒಂಬತ್ತೂವರೆಗೆ ಕಸ್ತೂರೆಮ್ಮ ಬಂದೇ ಬಿಡುತ್ತಾರೆ. ಜೊತೆಗೆ ನಾಲ್ಕನೆಯ ಇಯತ್ತೆ ಓದುವ ಮೊಮ್ಮಗಳು ವಿಜಯಶ್ರೀ, ಎರಡೂ ಜಡೆಗೆ ಕೆಂಪು ರಿಬ್ಬನ್ನು. ಡಾಕ್ಟರನ್ನು ಕಂಡಾಗಲೆಲ್ಲ ಹುಡುಗಿ ಬಾಯಿ ತೆರೆಯುತ್ತಾಳೆ. ಅಜ್ಜಿ ತೋಳು ಜಗ್ಗುತ್ತಾರೆ: "ಸುಮ್ನಿರಬೇ! ಡಾಕ್ಟರನ್ನ ಕೇಳಿದ್ರ ಸಿಟ್ಟಾಗ್ತಾರ."

ಒಳಗೆ ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ ಆಗಿದೆ. ಡಾಕ್ಟರು ಸೂಜಿ ಎತ್ತುತ್ತಾರೆ. ಕಸ್ತೂರೆಮ್ಮನ ಕೈ ಎರಡು ಸಲ ಬಿಗಿಯುತ್ತದೆ.

"ತಡೀರಿ ಡಾಕ್ಟ್ರೇ," ಎನ್ನುತ್ತಾರೆ ಗುಲ್ಷನ್‌ಬೀ. ಬಗ್ಗಿ ಪಿಸುಗುಡುತ್ತಾರೆ: "ಅಕ್ಕಾ, ನಿಂದು ಎರಡು ಆರರ ಅಳತಿ ಕೈ. ನಾ ಅದಕ್ಕಿಂತ ಸಣ್ಣ ಎರಡು ನಾಲ್ಕರ ಬಳಿನ ಏರಸ್ತೀನಿ, ಪಂದ್ಯ ಕಟ್ಟತೀಯೇನು?"

ಬಟ್ಟೆಯ ಕೆಳಗೆ ಕಸ್ತೂರೆಮ್ಮನ ಗಲ್ಲ ನಗುತ್ತದೆ. ಬೆರಳು ಸಡಿಲಾಗುತ್ತವೆ. ಗುಲ್ಷನ್‌ಬೀ ಡಾಕ್ಟರಿಗೆ ಕಣ್ಣಲ್ಲೇ ಹೇಳುತ್ತಾರೆ. ಎರಡು ಕ್ಷಣ, ಅಷ್ಟೇ.

"ಸೂಜಿ ಹಾಕೇ ಬಿಟ್ರೇನು? ಮೋಸಗಾರ್ತಿ!" ಎನ್ನುತ್ತ ಕಸ್ತೂರೆಮ್ಮ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬರುತ್ತಾರೆ.

"ಶುಕ್ರವಾರ ಆಪರೇಷನ್," ಎನ್ನುತ್ತಾರೆ ಡಾಕ್ಟರು. ಕಸ್ತೂರೆಮ್ಮ ಬೇರೆ ಕಡೆ ಮುಖ ಮಾಡಿ ಬೆಂಚಿನ ಮೇಲೆ ಕೂರುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಗುಲ್ಷನ್‌ಬೀ ನಕ್ಕು ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಾರೆ. "ನನಗ ಶಾಲು ಹಾರ ಬ್ಯಾಡ್ರಿ. ಬಂದವರು ಕೇಳೂದು ಕೇಳಿ ಹೋಗಲಿ. ಮಾತು ಬಾಯಾಗ ಇಟಗೊಂಡು ಹೋದೋರು ತಿರುಗಿ ಬರಂಗಿಲ್ಲ." ಹಾಗೆನ್ನುತ್ತಲೇ ಅವರು ವಿಜಯಶ್ರೀಯ ಪುಟ್ಟ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡು ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತುತ್ತಾರೆ, ಗೆಣ್ಣು ಸಡಿಲವಾಗುವವರೆಗೆ.

ಹುಡುಗಿ ತಲೆ ಎತ್ತುತ್ತಾಳೆ. ಈ ಸಲ ಅಜ್ಜಿ ತೋಳು ಜಗ್ಗುವುದಿಲ್ಲ. ತಾವೂ ಡಾಕ್ಟರ ಕಡೆಗೇ ಮುಖ ತಿರುಗಿಸಿ ಕುಳಿತಿದ್ದಾರೆ.

"ಡಾಕ್ಟ್ರೇ, ನಮ್ಮ ಅಜ್ಜಿಗೆ ಆ ಕಣ್ಣಾಗ ನನ್ನ ಕೆಂಪು ರಿಬ್ಬನ್ ಅಷ್ಟ ಕಾಣತೈತ್ರಿ. ಶುಕ್ರವಾರ ಕರಕೊಂಡು ಬಂದ್ರ ಅದಾದ್ರೂ ಉಳೀತೈತೇನ್ರಿ?"